ಡೌಲು ಅಲ್ಲ, ಡೌಲಾ

ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯದವರು ಸಿಕ್ಕಾಗ "ಈಗ ಏನು ಮಾಡಿಕೊಂಡಿದ್ದೀರಿ?" ಎಂದು ಕೇಳುವುದು ವಾಡಿಕೆ. "ಡೌಲಾ ಆಗಿದ್ದೇನೆ" ಎಂದರೆ ಎದುರಿನವರಿಗೆ ತಟ್ಟನೆ ಏನೂ ಹೊಳೆಯುವುದಿಲ್ಲ. ಒಮ್ಮೆ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರು ಗಟ್ಟಿಯಾಗಿ ನಕ್ಕು, "ಡೌಲು ಮಾಡೋ ಮಂದೀನ್ನ ಮುಂಬಯಿನಾಗ ಬೇಕಾದಷ್ಟು ನೋಡೀನಿ ತಂಗಿ, ಅದನ್ನ ಉದ್ಯೋಗ ಮಾಡ್ಕೊಂಡಾಕೀನ್ನ ನೋಡಿದ್ದಿಲ್ಲ" ಎಂದರು. ನನಗೂ ನಗು ತಡೆಯಲಿಲ್ಲ. ಅವರ ಪಕ್ಕದಲ್ಲಿದ್ದ ಮಡದಿಗೆ ವಿವರಿಸಿದೆ: ಹೆರಿಗೆ ನೋವು ಶುರುವಾದಾಗಿನಿಂದ ಮಗು ಮೊದಲ ಹಾಲು ಕುಡಿಯುವ ತನಕ ಹೆರುವವಳ ಪಕ್ಕ ಬಿಟ್ಟು ಕದಲದೆ ಇರುವವಳು ಡೌಲಾ. ಔಷಧ ಕೊಡುವುದಿಲ್ಲ, ಹೆರಿಗೆ ಮಾಡಿಸುವುದಿಲ್ಲ, ಧೈರ್ಯ ಹೇಳುತ್ತಾಳೆ, ಬೆನ್ನು ಒತ್ತುತ್ತಾಳೆ, ಜೊತೆಗಿರುತ್ತಾಳೆ. ಆ ಹಿರಿಯಾಕೆ ಕೈಯಲ್ಲಿದ್ದ ತಟ್ಟೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ 1984ರಾಗ ಅಂಥಾಕಿ ಒಬ್ಬಾಕಿ ಇದ್ದಿದ್ರ..." ಎಂದು ಮಾತನ್ನು ಅಷ್ಟಕ್ಕೇ ನಿಲ್ಲಿಸಿದರು.

ಹೀಗೆ ಅರ್ಧಕ್ಕೆ ನಿಂತ ಮಾತುಗಳನ್ನು ನಾನು ಈ ಕೆಲಸಕ್ಕೆ ಇಳಿದ ಮೇಲೆ ಎಷ್ಟೋ ಕೇಳಿದ್ದೇನೆ. ಊರು ಬಿಟ್ಟು ಬಂದು ಮಹಾನಗರದಲ್ಲಿ ಮಗು ಹೆತ್ತ ಕನ್ನಡದ ಹೆಂಗಸರ ಬಳಿ ಇಂಥದೊಂದು ಮಾತು ಇದ್ದೇ ಇರುತ್ತದೆ. ಕೇಳುವವರಿಲ್ಲದೆ ಅದು ಒಳಗೇ ಉಳಿದಿರುತ್ತದೆ.

ತವರಿಗೆ ಹೋಗದ ಬಸುರಿಯರು

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಉಡಿ ತುಂಬಿ ಮಗಳನ್ನು ಕರೆದೊಯ್ಯುತ್ತಿದ್ದರು. ಆ ಪದ್ಧತಿಯ ಒಳಗೆ ಒಂದು ವ್ಯವಸ್ಥೆ ಅಡಗಿತ್ತು. ಅವ್ವ, ಅಜ್ಜಿ, ಚಿಗವ್ವ, ಓಣಿಯ ಹಿರಿಯ ಹೆಂಗಸರು, ಸೂಲಗಿತ್ತಿ ಎಲ್ಲರೂ ಮಕ್ಕಳನ್ನು ಹೆತ್ತವರೇ. ನೋವು ಬಂದ ಹುಡುಗಿ ಯಾವ ಗಳಿಗೆಯಲ್ಲೂ ಒಬ್ಬಳೇ ಇರುತ್ತಿರಲಿಲ್ಲ.

ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ನಮ್ಮ ಓಣಿಯಲ್ಲೇ ಹೆರಿಗೆಯಲ್ಲಿ ಸತ್ತವರ ಹೆಸರುಗಳನ್ನು ನನ್ನವ್ವ ಇಂದಿಗೂ ಎಣಿಸುತ್ತಾಳೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಆ ಹೊತ್ತಿಗೆ ದೇಶದ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಇದು ದೊಡ್ಡ ಗೆಲುವು. ಆದರೆ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದಾಗ ಸುತ್ತಲಿದ್ದ ಹೆಂಗಸರು ಬಾಗಿಲ ಹೊರಗೇ ಉಳಿದರು. ಮುಂಬಯಿ, ಪುಣೆ, ಹೈದರಾಬಾದಿಗೆ ಬಂದ ನಮ್ಮ ಹುಡುಗಿಯರಿಗಂತೂ ಬಾಗಿಲ ಹೊರಗೂ ಅವರಿಲ್ಲ. ತಿಂಗಳು ತಿಂಗಳು ತೋರಿಸಿದ ಡಾಕ್ಟರು ಇಲ್ಲಿದ್ದಾರೆ, ವಿಮೆ ಇಲ್ಲಿಯದು, ಗಂಡನಿಗೆ ರಜೆ ಸಿಗುವುದಿಲ್ಲ. ಹೀಗಾಗಿ ಬಸುರಿ ಇಲ್ಲೇ ಉಳಿಯುತ್ತಾಳೆ. ಅವ್ವ ಮಾತ್ರ ಊರಿನಲ್ಲಿ ಹೊಲ, ದನ, ಸೊಸೆಯ ನೌಕರಿ ಎಂದು ಸಿಕ್ಕಿಕೊಂಡಿರುತ್ತಾಳೆ.

ಮಳೆಯ ರಾತ್ರಿ

ನಾನು ರಾಣೇಬೆನ್ನೂರಿನ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಡೊಂಬಿವಲಿಗೆ ಬಂದವಳು ಹದಿನಾಲ್ಕು ವರ್ಷ ಘಾಟ್ಕೋಪರಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ಬರೆದೆ. 2017ರ ಆಗಸ್ಟ್ 29 ಮುಂಬಯಿಯವರು ಮರೆಯುವ ದಿನವಲ್ಲ. ಮಳೆಗೆ ಲೋಕಲ್‌ಗಳು ನಿಂತವು, ಕಚೇರಿಗೆ ಹೋದವರು ಅಲ್ಲಲ್ಲೇ ಉಳಿದರು. ಅಂದು ಗಣಪತಿಯ ಐದನೆಯ ದಿನ, ನಾನು ರಜೆ ಹಾಕಿ ಮನೆಯಲ್ಲಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಎದುರು ಮನೆಯ ಹುಡುಗಿ ಬಾಗಿಲು ಬಡಿದಳು. ಬಾದಾಮಿ ಹತ್ತಿರದವಳು, ಮದುವೆಯಾಗಿ ಇನ್ನೂ ವರ್ಷ ತುಂಬಿತ್ತು ಅಷ್ಟೇ. ಗಂಡ ದಾದರಿನಲ್ಲಿ ಸಿಕ್ಕಿಕೊಂಡಿದ್ದ. ತಾಯಿ ಮುಂದಿನ ವಾರದ ಗದಗ–ಮುಂಬಯಿ ಗಾಡಿಗೆ ಟಿಕೆಟ್ ಮಾಡಿಸಿದ್ದಳು. ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಹದಿನಾರು ದಿನ ಉಳಿದಿತ್ತು.

ಮೊಣಕಾಲುದ್ದ ನೀರಿನಲ್ಲಿ ಆಟೋ ಹಿಡಿದು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಗಣಪತಿ ಬಿಡುವ ಕೆಲಸ ಮನೆಯವರ ಪಾಲಿಗೆ ಬಂತು. ನರ್ಸ್ ಒಳ್ಳೆಯವಳೇ. ಹತ್ತು ನಿಮಿಷಕ್ಕೊಮ್ಮೆ ಬಂದು "ಕಳಾ ಯೇತಾತ್ ಕಾ?" ಎಂದು ಕೇಳುತ್ತಿದ್ದಳು. ಮರಾಠಿಯಲ್ಲಿ ಹೆರಿಗೆ ನೋವಿಗೆ 'ಕಳಾ' ಎನ್ನುತ್ತಾರೆ. ಹುಡುಗಿಗೆ ಅದು ಗೊತ್ತಿಲ್ಲ. ಒಮ್ಮೆ ಹೂಂ ಎಂದಳು, ಒಮ್ಮೆ ಉಹೂಂ ಎಂದಳು. ನರ್ಸಿಗೂ ಗೊಂದಲ. ನಾನು ಬಗ್ಗಿ, "ಬ್ಯಾನಿ ಬರಾಕತ್ತಾವೇನವಾ?" ಎಂದೆ. ಆಗ ಅವಳ ಕಣ್ಣಲ್ಲಿ ನೀರು ಬಂತು. "ಬರಾಕತ್ತಾವಕ್ಕಾ, ನಡಕ್ಕ ಹಿಡದು ಬರಾಕತ್ತಾವ. ನೀ ಎಲ್ಲೂ ಹೋಗಬ್ಯಾಡ" ಎಂದು ನನ್ನ ಕೈ ಹಿಡಿದುಕೊಂಡಳು.

ಹನ್ನೊಂದು ಗಂಟೆ ಆ ಕೈ ಬಿಡಲಿಲ್ಲ. ನಾನು ಮಾಡಿದ್ದು ಹೆಚ್ಚೇನಿಲ್ಲ. ಸೊಂಟ ಒತ್ತಿದೆ, ಒದ್ದೆ ಬಟ್ಟೆಯಿಂದ ಮುಖ ಒರೆಸಿದೆ, ನರ್ಸ್ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದೆ, ಅವಳು "ಎವ್ವಾ" ಎಂದು ಕೂಗಿದಾಗಲೆಲ್ಲ "ಇಲ್ಲೇ ಅದೀನಿ" ಎಂದೆ. ರಾತ್ರಿ ಎರಡು ದಾಟಿದ ಮೇಲೆ ಹೆಣ್ಣು ಮಗು ಹುಟ್ಟಿತು. ಕೈ ತೊಳೆಯುತ್ತಿದ್ದ ಡಾಕ್ಟರಮ್ಮ ನನ್ನತ್ತ ತಿರುಗಿ, "ನೀವು ಡೌಲಾನಾ?" ಎಂದು ಮರಾಠಿಯಲ್ಲಿ ಕೇಳಿದರು. ಆ ಪದವನ್ನು ಮೊದಲ ಸಲ ಕೇಳಿದ್ದು ಆಗ. ಎದುರು ಮನೆಯವಳು ಎಂದೆ.

ವಾರದ ಮೇಲೆ ಅವಳ ತಾಯಿ ಬಂದರು. ಅಂಟಿನ ಉಂಡಿಯ ಡಬ್ಬಿ ನನ್ನ ಕೈಗಿಟ್ಟು, "ನಾ ಇರಬೇಕಾದಲ್ಲಿ ನೀ ಇದ್ದಿ ತಾಯಿ" ಎಂದರು. ಮರುದಿನ ಕಚೇರಿಯಲ್ಲಿ ಜಿಎಸ್‌ಟಿಯ ಲೆಕ್ಕ ತುಂಬುತ್ತಾ ಕುಳಿತಾಗ ಆ ಮಾತೇ ಕಿವಿಯಲ್ಲಿತ್ತು. ಹದಿನಾಲ್ಕು ವರ್ಷದಲ್ಲಿ ನನ್ನ ಯಾವ ಕೆಲಸಕ್ಕೂ ಯಾರೂ ಹಾಗೆ ಹೇಳಿರಲಿಲ್ಲ.

ಪದದ ಹಿಂದಿನ ಲೆಕ್ಕ

ಲೆಕ್ಕದವಳಾದ್ದರಿಂದ ಮೊದಲು ಅಂಕಿ ಹುಡುಕಿದೆ. 'ಡೌಲಾ' ಗ್ರೀಕ್ ಪದ, ಸೇವಕಿ ಎಂದು ಅರ್ಥ. ಬಾಣಂತಿಗೆ ಆಸರೆಯಾಗುವ ಹೆಂಗಸು ಎಂಬ ಅರ್ಥದಲ್ಲಿ ಅದನ್ನು ಬಳಕೆಗೆ ತಂದವರು ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್. ಎದೆಹಾಲಿನ ಕುರಿತ ಅವರ ಪುಸ್ತಕ ಬಂದದ್ದು 1973ರಲ್ಲಿ. ಅನಂತರ ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್ ಎಂಬ ಇಬ್ಬರು ಮಕ್ಕಳ ವೈದ್ಯರು ಸಂಗಡಿಗರೊಂದಿಗೆ ಗ್ವಾಟೆಮಾಲಾದ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಸಿ 1980ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ಹೆಂಗಸರು ಆಸ್ಪತ್ರೆಯ ರೂಢಿಯಂತೆ ಒಬ್ಬರೇ ಇದ್ದರು. ಇನ್ನೊಂದು ಗುಂಪಿನ ಪ್ರತಿಯೊಬ್ಬಳ ಪಕ್ಕದಲ್ಲೂ ಒಬ್ಬ ಸಾಮಾನ್ಯ ಹೆಂಗಸು ಕುಳಿತಿದ್ದಳು. ಅವಳು ವೈದ್ಯಕೀಯ ತರಬೇತಿ ಪಡೆದವಳಲ್ಲ, ಮೊದಲು ಪರಿಚಯದವಳೂ ಅಲ್ಲ. ತೊಡಕಿಲ್ಲದ ಹೆರಿಗೆಗಳಲ್ಲಿ ಒಬ್ಬಂಟಿಯರಿಗೆ ಸರಾಸರಿ 19 ಗಂಟೆ ಹಿಡಿದರೆ ಜೊತೆಗಾತಿ ಇದ್ದವರಿಗೆ 9 ಗಂಟೆಯೂ ಹಿಡಿಯಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಮೆರಿಕದ ಹ್ಯೂಸ್ಟನ್ನಿನ ಅಧ್ಯಯನ. 1991ರಲ್ಲಿ ಪ್ರಕಟವಾದ ಅದರಲ್ಲಿ 412 ಚೊಚ್ಚಲ ಬಸುರಿಯರಿದ್ದರು. ಜೊತೆಗೆ ಯಾರೂ ಇಲ್ಲದವರಲ್ಲಿ ಶೇ. 18ರಷ್ಟು ಜನರಿಗೆ ಸಿಜೇರಿಯನ್ ಆಯಿತು, ಡೌಲಾ ಇದ್ದವರಲ್ಲಿ ಶೇ. 8ರಷ್ಟು ಜನರಿಗೆ. ಇವೆರಡರ ನಡುವೆ ಮೂರನೆಯ ಗುಂಪೊಂದಿತ್ತು. ಅಲ್ಲಿ ಕೋಣೆಯ ಮೂಲೆಯಲ್ಲಿ ಒಬ್ಬಳು ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು, ಮಾತಿಲ್ಲ, ಮುಟ್ಟುವುದಿಲ್ಲ. ಆ ಗುಂಪಿನ ಪ್ರಮಾಣ ಶೇ. 13. ಬರೀ ಒಂದು ಜೀವ ಕೋಣೆಯಲ್ಲಿ ಕುಳಿತಿದ್ದಕ್ಕೇ ಅಷ್ಟು ವ್ಯತ್ಯಾಸ!

ಆಮೇಲೆ ಎಷ್ಟೋ ದೇಶಗಳಲ್ಲಿ ಇಂಥ ಪ್ರಯೋಗಗಳು ನಡೆದವು. 15,000ಕ್ಕೂ ಹೆಚ್ಚು ಹೆಂಗಸರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಕಾಕ್ರೇನ್ ವಿಮರ್ಶೆಯಲ್ಲಿ ವ್ಯತ್ಯಾಸ ಗ್ವಾಟೆಮಾಲಾದಷ್ಟು ದೊಡ್ಡದಲ್ಲ, ಹೆರಿಗೆಯ ಹೊತ್ತು ಸರಾಸರಿ 40 ನಿಮಿಷದಷ್ಟು ಕಡಿಮೆ. ಆದರೂ ದಿಕ್ಕು ಅದೇ: ಸಹಜ ಹೆರಿಗೆ ಹೆಚ್ಚು, ಸಿಜೇರಿಯನ್ ಕಡಿಮೆ, ನೋವಿನ ಔಷಧ ಕಡಿಮೆ, ಹೆರಿಗೆಯ ಬಗ್ಗೆ ಕಹಿ ಉಳಿಸಿಕೊಂಡವರೂ ಕಡಿಮೆ. ಹೆರುವವಳು ತನಗೆ ಬೇಕಾದ ಒಬ್ಬರನ್ನು ಜೊತೆಗಿಟ್ಟುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಶಿಫಾರಸು ಮಾಡಿತು.

ಮನೆಯ ಮಾತು

ನೌಕರಿ ಬಿಟ್ಟು ಇದನ್ನು ಕಲಿಯುತ್ತೇನೆಂದಾಗ ಮನೆಯವರು ಕೇಳಿದ್ದು ಸಂಬಳದ ಮಾತು. ಮಗಳ ಹತ್ತನೆಯ ತರಗತಿ, ಮನೆ ಸಾಲದ ಕಂತು. ನ್ಯಾಯವಾದ ಪ್ರಶ್ನೆಯೇ. ಎರಡು ವರ್ಷದ ಖರ್ಚನ್ನು ಕಾಗದದ ಮೇಲೆ ಬರೆದು ತೋರಿಸಿದೆ, ಒಪ್ಪಿದರು.

ಅತ್ತೆಯದು ಬೇರೆಯೇ ತಕರಾರು. "ಹಡೀವಾಕಿ ಹಂತ್ಯಾಕ ಕುಂದ್ರೂ ಕೆಲಸ ನಮ್ಮ ಮನಿತನದಾಗ ಯಾರೂ ಮಾಡಿಲ್ಲ. ಆ ಮೈಲಿಗಿ ನಮಗ್ಯಾಕ?" ಅವರು ಬೈದು ಹೇಳಲಿಲ್ಲ, ನೊಂದು ಹೇಳಿದರು. ಅವರ ಮಾತಿನಲ್ಲಿ ನಮ್ಮ ಇಡೀ ಊರಿನ ಮಾತಿತ್ತು. ನನ್ನನ್ನು ಭೂಮಿಗೆ ಇಳಿಸಿದ ಸೂಲಗಿತ್ತಿ ನಮ್ಮೂರ ಕೇರಿಯವಳು. ನಮ್ಮ ಮನೆಯ ಒಳಕೋಣೆಗೆ ಅವಳು ಬಂದದ್ದು ಹೆರಿಗೆಯ ದಿನಗಳಲ್ಲಿ ಮಾತ್ರ. ಉಳಿದ ದಿನ ಕಟ್ಟೆಯೇ ಅವಳ ಗಡಿ. ಕಾಳು ಕೊಡುತ್ತಿದ್ದರು, ಒಂದು ಸೀರೆ ಕೊಡುತ್ತಿದ್ದರು. ಊಟ ಮಾತ್ರ ಕಟ್ಟೆಯ ಮೇಲೆ. ಓಣಿಯ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದರೂ ಆ ಕೈ ಮುಟ್ಟಿದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ.

2018ರಲ್ಲಿ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತು. ಶಾಲೆಗೆ ಹೋದವರಲ್ಲ, ಅಜ್ಜಿಯಿಂದ ಕಲಿತ ವಿದ್ಯೆ. ಹಣ ಪಡೆಯದೆ ಸಾವಿರಾರು ಹೆರಿಗೆ ಮಾಡಿಸಿದ್ದವರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲೇ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಟಿವಿಯಲ್ಲಿ ಅವರು ಪ್ರಶಸ್ತಿ ಪಡೆಯುವುದನ್ನು ಅತ್ತೆ ನೋಡಿದರು. ಆ ಹೊತ್ತಿಗೆ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, "ನಮ್ಮೂರಾಗಿನ ಆಕೀಗೆ ಯಾರೂ ಏನೂ ಕೊಡಲಿಲ್ಲ ನೋಡು" ಎಂದರು. ಮುಂದೆ ಮೈಲಿಗೆಯ ಮಾತು ಎತ್ತಲಿಲ್ಲ. ಅದೇ ವರ್ಷ ಡಿಸೆಂಬರ್ 25ರಂದು ನರಸಮ್ಮ ತೀರಿಕೊಂಡ ಸುದ್ದಿ ಬಂದಾಗ ನನಗೆ ಫೋನು ಮಾಡಿ ತಿಳಿಸಿದವರೂ ಅತ್ತೆಯೇ.

ನಾನು ಸೂಲಗಿತ್ತಿಯಲ್ಲ. ಅವರ ಕೈಗಿದ್ದ ವಿದ್ಯೆ ನನಗಿಲ್ಲ, ನನ್ನ ಕೆಲಸಕ್ಕೆ ಅದು ಬೇಕಿಲ್ಲ. ಅವರು ಮಾಡುತ್ತಿದ್ದ ಎರಡು ಕೆಲಸಗಳಲ್ಲಿ ಮಗುವನ್ನು ಹೊರತರುವುದು ಡಾಕ್ಟರು, ನರ್ಸ್‌ಗಳ ಪಾಲಾಯಿತು. ಜೊತೆಗೆ ಕುಳಿತುಕೊಳ್ಳುವುದು ಯಾರ ಪಾಲಿಗೂ ಬರಲಿಲ್ಲ. ಆ ಎರಡನೆಯದಕ್ಕೆ ಈಗ ನಾನು ಪ್ರಮಾಣಪತ್ರ ಇಟ್ಟುಕೊಂಡು ಶುಲ್ಕ ಪಡೆಯುತ್ತೇನೆ, ಬೈಠಕ್ ಕೋಣೆಯಲ್ಲಿ ಕೂರಿಸಿ ಚಹಾ ಕೊಡುತ್ತಾರೆ. ಪ್ರತಿ ಸಲ ಆ ಚಹಾ ಕುಡಿಯುವಾಗ ನಮ್ಮೂರ ಕಟ್ಟೆ ನೆನಪಾಗುತ್ತದೆ.

ಕಲಿತದ್ದು

ತರಬೇತಿಯಲ್ಲಿ ನಾವು ಹದಿನಾರು ಜನ. ಫಿಸಿಯೋಥೆರಪಿಸ್ಟ್, ಶಿಕ್ಷಕಿ, ಬ್ಯಾಂಕು ಬಿಟ್ಟು ಬಂದವಳು, ಇಬ್ಬರು ನರ್ಸ್‌ಗಳು. ಕೆಲವು ದಿನಗಳ ತರಗತಿ, ಓದಬೇಕಾದ ಪುಸ್ತಕಗಳ ಪಟ್ಟಿ, ಎದೆಹಾಲೂಡಿಸುವ ಬಗ್ಗೆ ಪ್ರತ್ಯೇಕ ಪಾಠ. ಕೊನೆಗೆ ಮೂರು ಹೆರಿಗೆಗಳಲ್ಲಿ ಜೊತೆಗಿದ್ದು, ಆ ತಾಯಂದಿರಿಂದಲೂ ಅಲ್ಲಿದ್ದ ಡಾಕ್ಟರು ಅಥವಾ ನರ್ಸ್‌ಗಳಿಂದಲೂ ಅಭಿಪ್ರಾಯ ಬರೆಸಿಕೊಂಡು ಬರಬೇಕು. ನಮ್ಮ ದೇಶದಲ್ಲಿ ಡೌಲಾಗಳಿಗೆ ಸರಕಾರಿ ನೋಂದಣಿ ಇಲ್ಲ, ಪ್ರಮಾಣಪತ್ರ ಕೊಡುವುದು ಖಾಸಗಿ ಸಂಸ್ಥೆಗಳೇ. ಆದ್ದರಿಂದ ಡೌಲಾ ಬೇಕೆನ್ನುವವರು ಎಲ್ಲಿ ಕಲಿತಿರಿ, ಎಷ್ಟು ಹೆರಿಗೆ ನೋಡಿದ್ದೀರಿ ಎಂದು ಕೇಳಿಯೇ ಮುಂದುವರಿಯಬೇಕು.

ಮೊದಲ ದಿನವೇ ಕೈಗೆ ಮಂಜುಗಡ್ಡೆ ಕೊಟ್ಟರು. ಒಂದು ನಿಮಿಷ ಮುಷ್ಟಿಯಲ್ಲಿ ಹಿಡಿಯಬೇಕು, ಯಾರೂ ಮಾತಾಡುವಂತಿಲ್ಲ. ನಲವತ್ತು ಸೆಕೆಂಡಿಗೆ ನನ್ನ ಕೈ ಬಿಚ್ಚಿತು. ಎರಡನೆಯ ಸಲ ಜೋಡಿ ಮಾಡಿದರು. ನನ್ನ ಜೋಡಿ ಮಂಗಳೂರಿನವಳು. ಭುಜದ ಮೇಲೆ ಕೈಯಿಟ್ಟು, "ಆಯ್ತು, ಇನ್ನು ಸ್ವಲ್ಪವೇ ಉಂಟು, ಉಸಿರು ಬಿಡಿ" ಎಂದಳು. ನಿಮಿಷ ಮುಗಿದದ್ದೇ ತಿಳಿಯಲಿಲ್ಲ. ಗಡ್ಡೆ ಅದೇ, ತಣ್ಣಗಿದ್ದದ್ದೂ ಅಷ್ಟೇ.

ಅದಕ್ಕೆ ಕಾರಣ ದೇಹದಲ್ಲೇ ಇದೆ. ಗರ್ಭಕೋಶ ಹಿಂಡಿಕೊಳ್ಳಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರಿ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. ಹೆದರಿಕೆಗೆ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚು, ಹೆಚ್ಚಿದ ನೋವಿಗೆ ಮತ್ತೆ ಹೆದರಿಕೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಸಡಿಲಿಸುವುದೇ ಡೌಲಾ ಕೆಲಸ. ದೀಪ ಮಂದ ಮಾಡುವುದು, ಉಸಿರಿನ ಲಯ ಹಿಡಿಸುವುದು, ನೋವಿನ ಅಲೆ ಬಂದಾಗ ಬೆನ್ನ ಕೆಳಗಿನ ಮೂಳೆಯನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತುವುದು, ಎರಡೂ ಬದಿಯ ಚಪ್ಪೆಯನ್ನು ಒಟ್ಟಿಗೆ ಅದುಮುವುದು, ಮಗ್ಗುಲು ಬದಲಿಸುವುದು, ನಡೆದಾಡಿಸುವುದು, ಅಂಬೆಗಾಲ ಭಂಗಿಯಲ್ಲಿ ಕೂರಿಸುವುದು. ಮೆಕ್ಸಿಕೋದ ಹೆಂಗಸರು 'ರೆಬೋಸೋ' ಎಂಬ ಉದ್ದನೆಯ ಶಾಲಿನಿಂದ ಬಸುರಿಯ ಹೊಟ್ಟೆಗೆ ಆಸರೆ ಕೊಡುವ ಕ್ರಮವನ್ನೂ ಕಲಿಸಿದರು. ನಾನು ಅದಕ್ಕೆ ಬಳಸುವುದು ಅವ್ವನ ಹಳೆಯ ಹತ್ತಿಯ ಸೀರೆ.

ಮಾಡಬಾರದ ಕೆಲಸಗಳ ಪಟ್ಟಿ ಇನ್ನೂ ಉದ್ದ. ಒಳಪರೀಕ್ಷೆ ಮಾಡಬಾರದು, ಬಿಪಿ ನೋಡಬಾರದು, ಔಷಧದ ಸಲಹೆ ಕೊಡಬಾರದು, ಡಾಕ್ಟರ ನಿರ್ಧಾರಕ್ಕೆ ಅಡ್ಡ ನಿಲ್ಲಬಾರದು, ಹೆರುವವಳ ಪರವಾಗಿ ನಾವೇ ತೀರ್ಮಾನ ಹೇಳಬಾರದು. ಆದರೆ ಪ್ರಶ್ನೆ ಕೇಳಲು ಅವಳಿಗೆ ಕಲಿಸಬಹುದು. ಇದರಿಂದ ಏನು ಲಾಭ? ಏನು ಅಪಾಯ? ಬೇರೆ ದಾರಿ ಇದೆಯೇ? ನನ್ನ ಮನಸ್ಸು ಏನು ಹೇಳುತ್ತದೆ? ಸ್ವಲ್ಪ ಹೊತ್ತು ಕಾದರೆ ಏನಾಗುತ್ತದೆ? ತುರ್ತು ಇಲ್ಲದ ಸಂದರ್ಭದಲ್ಲಿ ಈ ಐದು ಪ್ರಶ್ನೆಗಳಿಗೆ ಎರಡು ನಿಮಿಷ ಸಾಕು, ಬಹಳಷ್ಟು ಡಾಕ್ಟರುಗಳು ಬೇಸರವಿಲ್ಲದೆ ಉತ್ತರಿಸುತ್ತಾರೆ.

ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು. ನನಗೆ ಬೇಕಾದದ್ದು ಬೇರೆ ಪದಗಳು. ಅವ್ವನಿಗೆ ಫೋನು ಹಚ್ಚಿ ಒಂದೊಂದೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬ್ಯಾನಿ, ಸುಳ್ಳು ಬ್ಯಾನಿ, ತಿಣುಕುವುದು, ಹೊಕ್ಕುಳ ಬಳ್ಳಿ, ಮಾಸು. ಮೈಸೂರು ಕಡೆಯವರಿಗೆ ಬ್ಯಾನಿ ಎಂದರೆ ತಿಳಿಯದು, ಅವರಿಗೆ ನೋವು ಎನ್ನಬೇಕು. ಆ ನೋಟ್‌ಬುಕ್ ಈಗ ನನ್ನ ಚೀಲದಲ್ಲಿ ಎಣ್ಣೆ ಶೀಶೆ, ಬಿಸಿನೀರ ಚೀಲದ ಜೊತೆಗೇ ಇರುತ್ತದೆ.

ಗೆದ್ದವರು, ಸೋತವರು ಎಂಬುದಿಲ್ಲ

ಒಬ್ಬಳು ದಾವಣಗೆರೆಯವಳು, ಥಾಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಸಹಜ ಹೆರಿಗೆಯೇ ಆಗಬೇಕೆಂದು ಆಸೆಪಟ್ಟು ತಿಂಗಳುಗಟ್ಟಲೆ ನನ್ನ ಜೊತೆ ತಯಾರಿ ಮಾಡಿದ್ದಳು. ಇಪ್ಪತ್ತು ಗಂಟೆಯ ನೋವಿನ ನಂತರ ಮಗುವಿನ ಎದೆಬಡಿತ ಇಳಿಯತೊಡಗಿತು. ಡಾಕ್ಟರು ಸಮಾಧಾನದಿಂದ ವಿವರಿಸಿದರು, ಸಿಜೇರಿಯನ್ ಎಂದರು. ಅವಳು ನನ್ನತ್ತ ತಿರುಗಿ, "ಅಕ್ಕ, ನನ್ ಕೈಲಿ ಆಗ್ಲಿಲ್ಲ ಅಲ್ವಾ?" ಎಂದಳು. "ಮಗೂಗೆ ಈಗ ಏನ್ ಬೇಕೋ ಅದನ್ನೇ ಮಾಡ್ತಿದೀಯ" ಎಂದೆ. ಥಿಯೇಟರಿನ ಒಳಗೆ ನನಗೆ ಪ್ರವೇಶವಿರಲಿಲ್ಲ. ಇದ್ದ ಹತ್ತು ನಿಮಿಷದಲ್ಲಿ ಒಳಗೆ ಏನೇನಾಗುತ್ತದೆ ಎಂದು ಹೇಳಿದೆ. ಚಳಿಯಾಗುತ್ತದೆ, ನೋವಿರುವುದಿಲ್ಲ ಆದರೆ ಜಗ್ಗಿದ ಹಾಗೆ ಗೊತ್ತಾಗುತ್ತದೆ, ಪರದೆಯ ಆಚೆಯಿಂದ ಮಗುವಿನ ಅಳು ಕೇಳುತ್ತದೆ. ಹೊರಗೆ ಕಾರಿಡಾರಿನಲ್ಲಿ ಅವಳ ಅತ್ತೆ, "ಡೌಲಾ ಇಟ್ಕೊಂಡೂ ಕೊಯ್ಯಬೇಕಾಯ್ತಲ್ಲ" ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದು ನನಗೆ ಕೇಳಿಸಿತು.

ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4, ಸರಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಇದು ಮೇಲೆ ಹೇಳಿದ ಸಮೀಕ್ಷೆಯ ಸಿಜೇರಿಯನ್ ಲೆಕ್ಕ. ಇಷ್ಟು ಅಂತರವಿರುವಾಗ ಪ್ರಶ್ನೆಗಳು ಏಳಲೇಬೇಕು. ಆದರೆ ಒಬ್ಬ ತಾಯಿಯ ಮಂಚದ ಪಕ್ಕ ನಿಂತಾಗ ಅಂಕಿಗಳು ಕೆಲಸಕ್ಕೆ ಬರುವುದಿಲ್ಲ. ಆ ದಿನ ಆ ಮಗುವಿಗೆ ಆ ಶಸ್ತ್ರಚಿಕಿತ್ಸೆ ಬೇಕಿತ್ತು. ವಾರ್ಡಿಗೆ ತಂದ ಮೇಲೆ ನಾನೂ ನರ್ಸ್ ಸೇರಿ ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿ ಹಾಲು ಕುಡಿಸಿದೆವು. ತಿಂಗಳ ನಂತರ ಅವಳು ಬರೆದುಕೊಟ್ಟ ಅಭಿಪ್ರಾಯದಲ್ಲಿ, ಯಾವ ಹೊತ್ತಿನಲ್ಲೂ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು ಎಂಬ ಸಾಲಿತ್ತು. ನನಗೆ ಅದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ.

ಇನ್ನೊಂದು ಹೆರಿಗೆ 2020ರ ಮೇ ತಿಂಗಳಿನದು. ಯಾದಗಿರಿ ಕಡೆಯ ದಂಪತಿ, ಗಂಡ ನವಿ ಮುಂಬಯಿಯಲ್ಲಿ ಕಟ್ಟಡ ಕೆಲಸಕ್ಕೆ ಬಂದವನು. ಕೊರೋನಾ ಕಾಲ, ಬಸುರಿಯ ಜೊತೆ ಒಬ್ಬರನ್ನೂ ಒಳಗೆ ಬಿಡುತ್ತಿರಲಿಲ್ಲ. ಪುಣ್ಯವಂತೆ ನರ್ಸ್ ಒಬ್ಬಳು ಅವಳ ಮೊಬೈಲನ್ನು ಸಲೈನ್ ಕಂಬಕ್ಕೆ ಕಟ್ಟಿ ವಿಡಿಯೋ ಕರೆ ಹಚ್ಚಿಕೊಟ್ಟಳು. ಏಳು ಗಂಟೆ ನಾನು ಅಡುಗೆಮನೆಯ ನೆಲದ ಮೇಲೆ, ಫೋನು ಚಾರ್ಜರಿಗೆ ಸಿಕ್ಕಿಸಿಕೊಂಡು ಕುಳಿತೆ. ಅವಳು ಹೆಚ್ಚು ಮಾತಾಡಲಿಲ್ಲ. ನೋವು ಬಂದು ಹೋದಾಗೊಮ್ಮೆ ಕಣ್ಣು ಮುಚ್ಚಿಕೊಂಡೇ, "ಅದೀರೇನ್ರೀ ಅಕ್ಕಾ?" ಎನ್ನುವಳು. "ಅದೀನವ್ವಾ" ಎನ್ನುವೆ. ಮಗು ಹುಟ್ಟುವ ತನಕ ನಮ್ಮಿಬ್ಬರ ಮಾತು ಇಷ್ಟೇ.

ದುಡ್ಡು, ನಿದ್ದೆ ಮತ್ತು ಭಾನುವಾರದ ತರಗತಿ

ಇದು ಸಂಬಳದ ಕೆಲಸದಂತಲ್ಲ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಹೆರಿಗೆ ಒಪ್ಪಿಕೊಳ್ಳುವುದಿಲ್ಲ, ಎರಡೂ ಒಂದೇ ರಾತ್ರಿ ಬಂದರೆ ಕಷ್ಟ. ದಿನ ಹತ್ತಿರ ಬಂದಾಗ ಊರಿಗೆ ಹೋಗುವಂತಿಲ್ಲ, ಮದುವೆಗೆ ಹೋಗುವಂತಿಲ್ಲ, ದಿಂಬಿನ ಪಕ್ಕದಲ್ಲಿ ಫೋನು. ಕೊನೆಯ ಲೋಕಲ್ ಹೋದ ಮೇಲೆಯೇ ಹೆಚ್ಚಿನವರಿಗೆ ನೋವು ಶುರುವಾಗುತ್ತದೆಂದು ನನಗೆ ಅನುಮಾನ. ಹಳೆಯ ಸಂಬಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಎಲ್ಲ ಡಾಕ್ಟರುಗಳೂ ಬಾಗಿಲು ತೆರೆಯುವುದಿಲ್ಲ. ಮೊದಲೇ ಭೇಟಿಯಾಗಿ ನನ್ನ ಕೆಲಸ ಏನು, ಏನಲ್ಲ ಎಂದು ಹೇಳಿದರೆ ಅರ್ಧ ಅನುಮಾನ ಕರಗುತ್ತದೆ.

ದೊಡ್ಡ ತೊಡಕು ಬೇರೆ ಇದೆ. ನನ್ನ ಶುಲ್ಕ ಕೊಡಬಲ್ಲವರಿಗೆ ಬೇರೆ ಆಸರೆಗಳೂ ಇರುತ್ತವೆ. ಎದುರು ಮನೆಯ ಬಾದಾಮಿಯ ಹುಡುಗಿಯಂಥವರಿಗೆ ಶುಲ್ಕ ಕೊಡಲಾಗದು. ಎಲ್ಲ ಕಡೆ ನಾನೊಬ್ಬಳೇ ಹೋಗಲೂ ಆಗದು. ಆದ್ದರಿಂದ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸಂಘದ ಸಭಾಭವನದಲ್ಲಿ ಉಚಿತ ತರಗತಿ ನಡೆಸುತ್ತೇನೆ, ಬಸುರಿಯರಿಗಿಂತ ಹೆಚ್ಚಾಗಿ ಅವರ ಅತ್ತೆ, ಅವ್ವ, ಅಕ್ಕ, ನಾದಿನಿಯರಿಗೆ. ಗಂಡಂದಿರೂ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಅವರ ಕೈಗೂ ಮಂಜುಗಡ್ಡೆ ಕೊಡುತ್ತೇನೆ.

ಅಲ್ಲಿ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ. ಸರಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಜೊತೆ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಅವಳು ಹೆರಿಗೆಯ ಅನುಭವವಿದ್ದವಳಾಗಿರಬೇಕು, ಸೋಂಕು ರೋಗ ಇರಬಾರದು, ಶುಚಿಯಾದ ಬಟ್ಟೆ ತೊಟ್ಟಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡಿಯಾಗಬಾರದು. ಮರೆ ಇರುವ ಕಡೆ ಗಂಡನೂ ಇರಬಹುದು. ಖಾಸಗಿ ಆಸ್ಪತ್ರೆಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮ, ಆದ್ದರಿಂದ ಏಳನೆಯ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ. ಜೊತೆಗಿರುವವರು ಫೋನು ದೂರವಿಡಿ. ನಿಮ್ಮ ಹೆರಿಗೆಯ ಕಷ್ಟದ ಕಥೆಯನ್ನು ಆ ಹೊತ್ತಿನಲ್ಲಿ ತೆಗೆಯಬೇಡಿ. "ಕಿರುಚಬೇಡ" ಎನ್ನಬೇಡಿ. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಲು ನೆನಪಿಸಿ, ಡಾಕ್ಟರು ಬೇಡ ಎಂದಿರದಿದ್ದರೆ ಗುಟುಕು ಗುಟುಕಾಗಿ ನೀರು ಕೊಡಿ. ನೋವು ಬಂದಾಗ ಸೊಂಟ ಒತ್ತಿ, ಹೋದಾಗ ಕೈ ತೆಗೆಯಿರಿ. ಯಾವ ಭಾಷೆಯಲ್ಲಿ ಅವಳು ಚಿಕ್ಕಂದಿನಲ್ಲಿ ಅತ್ತಿದ್ದಳೋ ಆ ಭಾಷೆಯಲ್ಲೇ ಮಾತಾಡಿ.

ನಿಮ್ಮ ಮನೆಯಲ್ಲಿ ಈಗ ಬಸುರಿ ಇದ್ದರೆ ಕುಬಸ, ಸೀಮಂತ ಎಲ್ಲ ಸಂಭ್ರಮದಿಂದ ಆಗಲಿ. ಬಳೆ, ಸೀರೆ, ಐದು ಥರದ ಅನ್ನ, ಫೋಟೋ ಯಾವುದೂ ತಪ್ಪುವುದು ಬೇಡ. ಬಂದ ನೆಂಟರು ಎದ್ದು ಹೋಗುವ ಮೊದಲು ಮನೆಯವರೆಲ್ಲ ಕುಳಿತು ಇನ್ನೊಂದು ಮಾತನ್ನೂ ಗೊತ್ತು ಮಾಡಿಕೊಳ್ಳಿ: ನೋವು ಬಂದ ದಿನ ಇವಳ ಪಕ್ಕದಲ್ಲಿ ಯಾರಿರುತ್ತಾರೆ, ಅವರಿಗೆ ಆಗದಿದ್ದರೆ ಇನ್ಯಾರು?